ಎಲ್ಲರ ಮೂರನೇ ಓಟು

ಕಾಗವಾಡ ತಾಲ್ಲೂಕಿನ ನಮ್ಮೂರು ಗ್ರಾಮ ಪಂಚಾಯಿತಿಯಾಗಿದ್ದಷ್ಟು ಕಾಲ ನಮ್ಮ ವಾರ್ಡಿಗೆ ಮೂವರು ಸದಸ್ಯರು. ಪ್ರತಿ ಮತದಾರನಿಗೂ ಮೂರು ಮತ. ಅವನ್ನು ಹಂಚುವುದಕ್ಕೆ ಎಲ್ಲೂ ಬರೆದಿಡದ ಪದ್ಧತಿಯೊಂದಿತ್ತು: ಮೊದಲನೆಯದು ಸ್ವಂತ ಮನೆತನದವರಿಗೆ, ಎರಡನೆಯದು ಹೊಲದ ನೆರೆಯವರಿಗೆ, ಮೂರನೆಯದು ಕೆಲಸ ಮಾಡುವವರಿಗೆ.

ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಕ್ಕ ಎರಡು ಸಲ ಗೆದ್ದದ್ದು ಈ ಮೂರನೇ ಮತದಿಂದ. ಆಕೆಯ ಗಂಡನ ಮನೆತನವೆಂದರೆ ಊರಲ್ಲಿ ಅದೊಂದೇ ಮನೆ. ಆದರೆ ಜೋಳದ ಡಬ್ಬಿ ಹೊತ್ತು ಎಲ್ಲ ಮನೆಯವರೂ ಅಲ್ಲಿಗೆ ಬರಲೇಬೇಕು. ಸರದಿಯಲ್ಲಿ ನಿಂತವರು ನಲ್ಲಿ, ಗಟಾರ, ಬೀದಿದೀಪದ ದೂರು ಹೇಳುತ್ತಿದ್ದರು. ಆಕೆ ಗಿರಣಿಯ ಸದ್ದಿನಲ್ಲೇ ನೀರು ಬಿಡುವವನಿಗೆ ಫೋನು ಹಚ್ಚಿ, "ಏ ಬಾಬಾ, ನಮ್ಮ ಓಣಿ ಊರಾಗ ಐತಿಲ್ಲೋ?" ಎಂದು ಕೂಗುತ್ತಿದ್ದಳು.

ಮುಂದೆ ಊರು ಪಟ್ಟಣ ಪಂಚಾಯಿತಿಯಾಯಿತು. ವಾರ್ಡುಗಳನ್ನು ಸಣ್ಣದಾಗಿ ಒಡೆದರು. ಒಂದು ವಾರ್ಡು, ಒಬ್ಬ ಸದಸ್ಯ, ಒಂದೇ ಮತ. ಮೂವರಿದ್ದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರುತ್ತಿದ್ದರು. ಇನ್ನು ಮುಂದೆ ಯಾರನ್ನು ಕೇಳಬೇಕೆಂಬುದು ಜನರಿಗೆ ಸ್ಪಷ್ಟ ಎಂದು ಪತ್ರಿಕೆಗೆ ವರದಿ ಬರೆದೆ. ಅದರಲ್ಲಿ ತಪ್ಪಿರಲಿಲ್ಲ. ಮೂರು ಮತ ಒಂದಾದರೆ ಉಳಿಯುವುದು ಯಾವ ಮತ ಎಂದು ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ, ನನ್ನನ್ನೂ.

ಅಕ್ಕ ಮತ್ತೆ ನಿಂತಳು. ನನ್ನ ಚಿಕ್ಕಪ್ಪನ ಮಗನೂ ನಿಂತ. ಉಳಿದ ದೊಡ್ಡ ಮನೆತನಗಳಿಂದಲೂ ಒಬ್ಬೊಬ್ಬರು ನಿಂತರು.

ಪ್ರಚಾರದ ದಿನಗಳಲ್ಲಿ ಒಮ್ಮೆ ಗಿರಣಿಗೆ ಹೋದಾಗ ಬಸದಿ ಓಣಿಯ ಅಜ್ಜಿಯೊಬ್ಬಳು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಳ್ಳುತ್ತ, "ನಿನ್ನ ಬಿಟ್ಟ ಯಾರಿಗೆ ಹಾಕೂಣಬೇ? ಆದ್ರ ಈ ಸರ್ತಿ ಒಂದ ಐತೆಲ್ಲ" ಅಂದಳು.

"ಒಂದ ಇದ್ರ ಅದನ್ನ ಕೊಡ್ರಿ ಆಯಿ."

"ಅದನ್ನ ನಮ್ಮ ಭಾವನ ಮಗ ಆಗಲೇ ಕೇಳಿ ಹೋಗ್ಯಾನ."

"ಹಂಗಾದ್ರ ನನಗೇನ, ಬರೇ ಆಶೀರ್ವಾದ?"

ಸರದಿಯಲ್ಲಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ನಾನು ನನ್ನ ಡಬ್ಬಿಯ ಮುಚ್ಚಳ ನೋಡುತ್ತ ನಿಂತಿದ್ದೆ.

ಎಣಿಕೆಯ ದಿನ ಆಕೆ ನಾಲ್ಕನೆಯವಳಾದಳು. ಗೆದ್ದವನು ಚಿಕ್ಕಪ್ಪನ ಮಗ, ನನ್ನ ತಮ್ಮ. ಅವನು ಕೆಟ್ಟ ಸದಸ್ಯನೇನಲ್ಲ. ಕರೆದರೆ ಬರುತ್ತಾನೆ, ದೀಪ ಹಾಕಿಸಿದ್ದಾನೆ. ವಾರ್ಡಿನ ಕೊನೆಯ ಮನೆಯಿಂದಾಚೆಗಿನ ಗಟಾರ ಕಟ್ಟಿಕೊಂಡರೆ ಮಾತ್ರ "ಅದು ನನ್ನ ಹದ್ದಿನಾಗ ಬರೂದಿಲ್ಲಣ್ಣಾ" ಅನ್ನುತ್ತಾನೆ. ಅದೂ ನಿಜವೇ.

ಫಲಿತಾಂಶ ಬಂದ ವಾರದಲ್ಲಿ ಗಿರಣಿಗೆ ಹೋದೆ. ಬೇರೆ ಯಾರೂ ಇರಲಿಲ್ಲ. ಮತ ಗುಪ್ತ ಎಂದು ಎಷ್ಟೋ ಸಲ ಬರೆದವನು ನಾನು. ಆದರೂ ಹೇಳಿದೆ: "ಅಕ್ಕಾ, ನಾನೂ ತಮ್ಮಗ ಹಾಕಿದೆ."

"ಗೊತ್ತೈತ್ರಿ," ಅಂದಳು. "ಹಾಕದಿದ್ರ ನಿಮ್ಮ ಚಿಕ್ಕವ್ವ ಮತ್ತ ನಿಮ್ಮ ಹೊಸ್ತಿಲಾ ತುಳಿತಿದ್ಳೇನ್ರಿ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಆಕೆ ಡಬ್ಬಿ ತೆಗೆದುಕೊಂಡು ಜೋಳ ಸುರಿದಳು, ಎಷ್ಟು ಸಣ್ಣಗೆ ಬೀಸಬೇಕೆಂದು ಕೇಳಿದಳು.