ತಿಪ್ಪೆ ನೋಡಿ ಹೆಣ್ಣು ಕೊಡುವುದು

ನಮ್ಮಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಕುರಿ ಕಾಯುವ ಹುಡುಗನ ಕೊರಳಿಗೆ ಪಟ್ಟದಾನೆ ಹೂಮಾಲೆ ಹಾಕುತ್ತಿತ್ತು, ಅವನು ರಾಜನಾಗಿಬಿಡುತ್ತಿದ್ದ. ಮಿಕ್ಕವರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರೆ ನನಗೆ ಆ ಕುರಿಗಳದೇ ಚಿಂತೆ. ಅವು ಯಾರವು? ಸಂಜೆ ಮನೆಗೆ ಹೊಡೆದುಕೊಂಡು ಹೋದವರು ಯಾರು? ಆನೆಗೆ ಕಣ್ಣು ಸರಿಯಾಗಿ ಕಾಣುತ್ತಿತ್ತೆ?

"ಕತೆ ಕೇಳ್ಲಾ, ಪಂಚಾಯ್ತಿ ಮಾಡ್‌ಬ್ಯಾಡ" ಎಂದು ಅಜ್ಜಿ ತಲೆಗೆ ಮೊಟಕುತ್ತಿದ್ದಳು. ಈಗ ತಲೆ ಅರ್ಧ ನರೆತಿದೆ, ಪಂಚಾಯ್ತಿ ಬಿಟ್ಟಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನ ಮಾತು. ನಾನು ಮದ್ದೂರಿನಲ್ಲಿ ಮೇಷ್ಟ್ರು. ಮಳವಳ್ಳಿಯಲ್ಲಿದ್ದ ಅಕ್ಕನ ಒಬ್ಬಳೇ ಮಗಳಿಗೆ ಮಂಡ್ಯದ ಹತ್ತಿರದ ಹಳ್ಳಿಯೊಂದರಿಂದ ಗಂಡು ಬಂತು. ಅವನು ಹುಡುಗನಾಗಿದ್ದಾಗ ಕಂಡವರ ಮನೆಯ ದನ ಕಾಯುತ್ತಿದ್ದವನಂತೆ. ಆಮೇಲೆ ನಾಲೆ ತೋಡುವ ಕೂಲಿ. ಕೂಲಿ ದುಡ್ಡಿನಲ್ಲಿ ಯಾರಿಗೂ ಬೇಡವಾದ, ಕಲ್ಲುಮಣ್ಣಿನ ಒಂದು ಬೋರೆ ಹೊಲ ಕೊಂಡ. ನಾಲೆಯ ನೀರು ಆ ಹೊಲಕ್ಕೇ ಹರಿದು ಬಂತು. ಈಗ ಕಬ್ಬು, ಹೆಂಚಿನ ಮನೆ, ಹಟ್ಟಿ ತುಂಬ ಎತ್ತು, ಜೊತೆಗೆ ವಯಸ್ಸಾದ ತಾಯಿ. ಹೀಗೆಂದು ಸಂಬಂಧ ತಂದವನು ಹೇಳಿದ. ನನ್ನ ಕಿವಿಗೆ ಆನೆಯ ಘಂಟೆ ಕೇಳಿಸಿತು.

ಭಾವ, ಯಾರು ಏನು ಹೇಳಿದರೂ, "ಆಗಲಿ" ಎನ್ನುವವರು. ಆದ್ದರಿಂದ ಅನುಮಾನ ಪಡುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕನ ಜೊತೆ ಮನೆ ನೋಡಲು ನಾನೇ ಹೊರಟೆ.

ಮನೆ ನೋಡಲು ಬರುತ್ತಾರೆ ಎಂದರೆ ಊರಿನ ಎತ್ತು, ಹಂಡೆಗಳೆಲ್ಲ ಒಂದೇ ಮನೆಗೆ ಬಂದು ಸೇರುವುದು ನಮ್ಮ ಕಡೆ ಹೊಸದಲ್ಲ. ನನ್ನ ಮದುವೆಗೆ ಮುಂಚೆ ನಮ್ಮಪ್ಪನೇ ಪಕ್ಕದ ಮನೆಯ ಜೋಡೆತ್ತು ತಂದು ಕಟ್ಟಿದ್ದರು. ಅವು ಎಲ್ಲಿ ಹೋದವೆಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಹಟ್ಟಿಯಲ್ಲಿ ಎತ್ತುಗಳಿದ್ದವು. ಗಂಡು ಹತ್ತಿರ ಹೋದರೆ ಅವನ ಕೈ ನೆಕ್ಕಿದವು. ಹಂಡೆಯ ಅಂಚಿನಲ್ಲಿ ಕೊರೆಸಿದ ಹೆಸರು ಓದಲು ಬಗ್ಗಿದೆ, ಅವನದೇ ಹೆಸರು. ಇನ್ನುಳಿದದ್ದು ತಿಪ್ಪೆ. ಎತ್ತನ್ನು ಒಂದು ದಿನದ ಮಟ್ಟಿಗೆ ಎರವಲು ತರಬಹುದು, ತಿಪ್ಪೆಯನ್ನು ತರಲಾಗದು. ಹಿತ್ತಿಲಿಗೆ ಹೋಗಿ ಅದನ್ನು ಸುತ್ತು ಹಾಕುತ್ತಿದ್ದೆ. ಅಡಿಗೆಮನೆಯಿಂದ ಎದ್ದು ಬಂದ ಮುದುಕಿ ತಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಏನ್ ಮೇಷ್ಟ್ರೇ, ಎಣ್ಣು ಕೊಡಾಕ್ ಬಂದಿದ್ದೀರೋ, ಗೊಬ್ರ ಕೊಳ್ಳಾಕ್ ಬಂದಿದ್ದೀರೋ?"

ತಿಪ್ಪೆ ಗುಡ್ಡದಷ್ಟಿತ್ತು. ನಿಜ ಹೇಳಬೇಕೆಂದರೆ ನನಗೆ ನಿರಾಸೆಯೇ ಆಯಿತು.

ಉಂಡು ಹೊರಟೆವು. ಗಾಡಿ ಊರ ಮುಂದಿನ ಹುಣಸೆಮರ ದಾಟುತ್ತಿದ್ದಂತೆ ನಾನು, "ಎಲ್ಲ ಅವನದೇ. ಒಂದೂ ಎರವಲಲ್ಲ" ಎಂದೆ.

ಅಕ್ಕ ಎಲೆಅಡಿಕೆ ಉಗಿದಳು. "ಆ ಮುದುಕಿ ಎರವ್ಲು ಕಣ್ಲಾ."

"ಏನಂದೆ?"

"ನೀನು ತಿಪ್ಪೆ ಸುತ್ತೋವಾಗ ನಾನು ಒಲೆ ಮುಂದೆ ಕುಂತಿದ್ದೆ. ಉಪ್ಪು ತೆಗೆಯಾಕೆ ಇರೋಬರೋ ಮಡಕೆ ಮುಚ್ಚಳ ಎಲ್ಲ ಎತ್ತುದ್ಲು. ತನ್ ಮನೇಲಿ ಉಪ್ಪು ಎಲ್ಲೈತೆ ಅಂತ ಗೊತ್ತಿರಾಕಿಲ್ವಾ?"

"ಅಲ್ಲೇ ಯಾಕೆ ಹೇಳಲಿಲ್ಲ?"

"ಅವ್ರ ಅನ್ನ ಎಲೆ ಮೇಲಿತ್ತು. ಅಲ್ಲಿ ಕೇಳೋ ಮಾತಾ ಅದು?"

ನಾನು ಗಾಡಿ ತಿರುಗಿಸೆಂದು ಕೂಗಿದೆ. ತಾಯಿಯನ್ನೇ ಎರವಲು ತಂದವನು ಇನ್ನೇನು ಬಚ್ಚಿಟ್ಟಿದ್ದಾನೋ! ನಾಳೆ ನಮ್ಮ ಹುಡುಗಿ ಯಾವ ಮನೆಯ ಬಾಗಿಲು ಹಾಕಿಕೊಂಡು ಅಳಬೇಕೋ! ದಾರಿಯುದ್ದಕ್ಕೂ ಅವನಿಗೆ ಇನ್ನೊಬ್ಬಳು ಹೆಂಡತಿಯನ್ನೂ ಒಂದೆರಡು ಕೊಲೆಗಳನ್ನೂ ಕಟ್ಟಿಕೊಟ್ಟೆ.

ಅವನು ಜಗಲಿಯ ಮೇಲೇ ಇದ್ದ. ಮುದುಕಿ ಸೆರಗಿಗೆ ಒಂದು ಅಚ್ಚು ಬೆಲ್ಲ ಕಟ್ಟಿಕೊಂಡು ಎದುರಿನ ತನ್ನ ಗುಡಿಸಲಿಗೆ ಹೊರಟಿದ್ದಳು. ನಾನು ಕೇಳಿಯೇಬಿಟ್ಟೆ.

ಅವನು ತಲೆ ತಗ್ಗಿಸಿದ. "ನನ್ನ ಎತ್ತ ತಾಯಿ ಅಲ್ಲ, ಮೇಷ್ಟ್ರೇ. ದನ ಕಾಯೋವಾಗ ಇವ್ಳೇ ನಂಗೆ ಅಂಬ್ಲಿ ಉಯ್ದೋಳು. ಅತ್ತೆ ಇಲ್ದಿರೋ ಮನೆಗೆ ಎಣ್ಣು ಕೊಡಾಕಿಲ್ಲ ಅಂತ ಬಂದೋರೆಲ್ಲ ಎದ್ದೋದ್ರು. ಅದ್ಕೇ ಒಂದಿನ ಬಂದು ಕುಂತ್ಕೊಳ್ಳವ್ವ ಅಂದೆ."

ನಾನು ಬಾಯಿ ತೆರೆಯುವ ಮುಂಚೆ ಅಕ್ಕ ಗಾಡಿಯಿಂದಿಳಿದಳು. "ಇದುವರ್ಗೂ ಇಲ್ಲೇ ಯಾಕೆ ಇಟ್ಕೊಳ್ಳಲಿಲ್ಲ?"

"ಕರೆದೆ ಕಣವ್ವಾ. ಇನ್ನೊಬ್ರ ಅಂಗಿನ ಅನ್ನ ಬ್ಯಾಡ ಅಂದ್ಲು."

"ಸರಿ. ಎರವ್ಲು ತಂದಿದ್ದನ್ನ ವಾಪಸ್ ಕಳಿಸ್‌ಬ್ಯಾಡ. ಇವ್ಳು ಇಲ್ಲೇ ಇದ್ರೆ ನಮ್ ಎಣ್ಣು ಬತ್ತಾಳೆ. ಇಲ್ದಿದ್ರೆ ಇಲ್ಲ."

"ಲೇ, ನನ್ನೂ ಒಂದ್ ಮಾತು ಕೇಳ್ರಲಾ!" ಎಂದಳು ಮುದುಕಿ. ಎನ್ನುತ್ತಲೇ ಸೆರಗಿನ ಬೆಲ್ಲ ಬಿಚ್ಚಿ ಒಳಗಿಟ್ಟು ಬಂದಳು.

ಆ ವರ್ಷವೇ ಮದುವೆಯಾಯಿತು. ಈಗಲೂ ಆ ಮನೆಗೆ ಹೋದಾಗ ಊಟಕ್ಕೆ ಕೂತ ತಕ್ಷಣ, ಬೇಕಿರಲಿ ಬಿಡಲಿ, ಉಪ್ಪು ಕೇಳುತ್ತೇನೆ. ಮುದುಕಿ ತಿರುಗಿ ಕೂಡ ನೋಡದೆ ಮಡಕೆಗೆ ಕೈಹಾಕಿ, ಎಲೆಯ ತುದಿಗೆ ಬಡಿಸಿ, "ಇನ್ನೂ ಓಗಿಲ್ವಾ ನಿಮ್ ಅನ್ಮಾನ?" ಎನ್ನುತ್ತಾಳೆ.

ಹೋಗಿಲ್ಲ. ಕೈತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ತಿಪ್ಪೆಯನ್ನೂ ಒಮ್ಮೆ ನೋಡಿಕೊಂಡು ಬರುತ್ತೇನೆ.