ಕರ್ಚೀಫಿನ ಕೆಳಗಿನ ಅಂಕಿ

ಗ್ಯಾರೇಜಿನಲ್ಲಿ ಅವನಿಗೆ ಇಟ್ಟ ಹೆಸರು ಹಾರ್ನ್. ಮೂವತ್ತೊಂದು ವರ್ಷ ಕಾರು, ವ್ಯಾನುಗಳಿಗೆ ಬಣ್ಣ ಹೊಡೆದವನು. ಮೂಗಿಗೊಂದು ಹಳೇ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಸ್ಪ್ರೇ ಗನ್ ಹಿಡಿದು, ಆ ಬಟ್ಟೆಯೊಳಗಿಂದಲೇ ದೇವರ ಹಾಡು ಹಾಡುತ್ತಿದ್ದ. ಗಾಡಿ ಇನ್ನೂ ಸಿದ್ಧವಾಗಿಲ್ಲವೇ ಎಂದು ಸಿಡಿಮಿಡಿಗುಟ್ಟುತ್ತ ಬಂದ ಗಿರಾಕಿ ಹಾಡು ಮುಗಿಯುವ ತನಕ ನಿಂತು, ನಾಳೆ ಬರುತ್ತೇನೆ ಎಂದು ತಣ್ಣಗೆ ಹೋಗಿಬಿಡುತ್ತಿದ್ದ. ಮಾಲೀಕನಿಗೆ ಅವನ ಬಣ್ಣಕ್ಕಿಂತ ಹಾಡಿನಿಂದಲೇ ಹೆಚ್ಚು ಉಪಕಾರವಾಗಿತ್ತು.

ಭಾನುವಾರ ಉಗುರಿನ ಸಂದಿಯ ಬಣ್ಣವನ್ನು ಥಿನ್ನರ್ ಹಾಕಿ ತಿಕ್ಕಿ, ಮೂರು ಮಕ್ಕಳ ಶೂಗಳಿಗೂ ತಾನೇ ಪಾಲಿಶ್ ಹಚ್ಚಿ, ಬಿಳಿ ಅಂಗಿ ತೊಟ್ಟು ಚರ್ಚಿಗೆ ಹೊರಡುತ್ತಿದ್ದ. ಅವನೇ ಕಟ್ಟಿದ ಒಂದು ಹಾಡಿತ್ತು. ಕೊನೆಯ ಸಾಲಿನಲ್ಲಿ ಸ್ವರ ಏಣಿ ಹತ್ತಿದ ಹಾಗೆ ಹತ್ತಿ ತುದಿಯಲ್ಲಿ ನಿಲ್ಲುತ್ತಿತ್ತು. ಅದನ್ನು ಅವನು ಹಿಡಿದು ನಿಲ್ಲಿಸಿದಾಗ ಹೆಂಡತಿ ಕಿಟಕಿಯ ಕಡೆ ನೋಡುತ್ತಿದ್ದಳು, ಹೆಮ್ಮೆ ಮುಖದಲ್ಲಿ ಕಾಣಬಾರದೆಂದು. ಕಾಣುತ್ತಿತ್ತು ಬಿಡಿ.

ಒಳ್ಳೆಯವನೇ. ಆದರೆ ಹಾಡಿನ ವಿಷಯ ಬಂದರೆ ಮೂಗಿನ ತುದಿಯಲ್ಲೇ ಕೋಪ. ಒಮ್ಮೆ ಗಾಯನ ತಂಡದಲ್ಲಿದ್ದ ವಯಸ್ಸಾದ ಪೋಸ್ಟ್‌ಮ್ಯಾನ್ ಆ ಮೇಲಿನ ಸ್ವರ ಮುಟ್ಟಲಾಗದೆ ತಡವರಿಸಿದರು. ಇವನು ಎಲ್ಲರೆದುರೇ ಹೇಳಿಬಿಟ್ಟ: "ಸ್ವರ ಮುಟ್ಟೋಕಾಗದೋರು ಹಿಂದಿನ ಬೆಂಚಲ್ಲಿ ಕೂತ್ಕೋಬೇಕು. ನಾಳೆ ನನಗಾದ್ರೂ ಇದೇ ಮಾತು." ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಬಣ್ಣದ ಕೆಲಸದವನಿಗೂ ಅದು ಹೊಳೆಯಲಿಲ್ಲ. ಆ ಹಿರಿಯರು ಮತ್ತೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಮರುವರ್ಷ ಅವರ ಶವಪೆಟ್ಟಿಗೆಯನ್ನು ನಾಲ್ವರು ಹೊತ್ತು ತಂದರು.

ಇದನ್ನೆಲ್ಲ ಕೀಬೋರ್ಡಿನ ಹಿಂದೆ ಕೂತು ನೋಡಿದವಳು ಹಿರಿಮಗಳು. ವಾರವೆಲ್ಲ ಔಷಧಿ ಅಂಗಡಿಯಲ್ಲಿ ಕೆಲಸ, ಭಾನುವಾರ ಅಪ್ಪನ ಹಾಡಿಗೆ ಕೀಬೋರ್ಡ್. ಎರಡು ವರ್ಷದ ಹಿಂದೆ ಒಂದು ದಿನ, ಮೇಲಿನ ಸ್ವರ ಹಿಡಿಯುವಾಗ ಅಪ್ಪನ ಕತ್ತಿನ ನರ ಉಬ್ಬಿದ್ದು ಅವಳ ಕಣ್ಣಿಗೆ ಬಿತ್ತು. ಸ್ವರ ಕೂದಲೆಳೆಯಲ್ಲಿ ಸಿಕ್ಕಿತು. ಅವಳಿಗೆ ಹಿಂದಿನ ಬೆಂಚು ನೆನಪಾಯಿತು. ಅಲ್ಲಿ ಹೋಗಿ ಕೂತರೆ ಅಪ್ಪ ಉಳಿಯುವುದಿಲ್ಲ ಎಂದು ಅವಳು ಖಂಡಿತವಾಗಿ ನಂಬಿದ್ದಳು.

ಆ ಕೀಬೋರ್ಡಿನಲ್ಲಿ ಒಂದು ಬಟನ್ ಇತ್ತು. ಒತ್ತಿದರೆ ಬೆರಳು ಎಂದಿನ ಕೀಗಳ ಮೇಲೆಯೇ ಓಡಿದರೂ ಇಡೀ ಹಾಡು ಒಂದು ಮೆಟ್ಟಿಲು ಕೆಳಗೆ ಕೇಳುತ್ತದೆ, ಪಕ್ಕದ ಪುಟ್ಟ ಪರದೆಯಲ್ಲಿ ಮೈನಸ್ ಒಂದು ಎಂದು ಮೂಡುತ್ತದೆ. ಮುಂದಿನ ಭಾನುವಾರ ಅವಳು ಅದನ್ನು ಒತ್ತಿ, ಪರದೆಯ ಮೇಲೆ ಕರ್ಚೀಫ್ ಹಾಸಿದಳು. ಅಪ್ಪ ಸಲೀಸಾಗಿ ಸ್ವರ ಮುಟ್ಟಿದ. ಆ ಮಧ್ಯಾಹ್ನ ಎರಡನೇ ಸಲ ಬಡಿಸಿಕೊಂಡು ಉಂಡು, "ನೋಡಿದ್ಯಾ, ಇನ್ನೂ ತುಕ್ಕು ಹಿಡಿದಿಲ್ಲ" ಎಂದ. ಮಗಳಿಗೆ ಅದಕ್ಕಿಂತ ಇನ್ನೇನು ಬೇಕಿತ್ತು?

ಆರು ತಿಂಗಳಿಗೆ ಮೈನಸ್ ಎರಡು. ಆಮೇಲೆ ಮೂರು. ದಿನಾ ನೋಡುವವರಿಗೆ ಮಗು ಬೆಳೆದದ್ದು ತಿಳಿಯುವುದಿಲ್ಲವಲ್ಲ, ಹಾಗೆ ಅಪ್ಪನಿಗೂ ತಿಳಿಯಲಿಲ್ಲ. ತಂಡದ ಹೆಂಗಸರು ಮಾತ್ರ, "ಏನೇ ಇದು, ನಮ್ಮ ಗಂಟಲು ನೆಲಕ್ಕೇ ಇಳೀತಾ ಇದೆ" ಎಂದು ಗೊಣಗಿದರು. ಚಳಿಗೆ ಎಂದಳು ಇವಳು. ಅಪ್ಪನ ಕೆಮ್ಮಿಗೆ ತನ್ನ ಅಂಗಡಿಯಿಂದಲೇ ಸಿರಪ್ ತಂದುಕೊಟ್ಟಳು. ವಯಸ್ಸಾಯಿತು ಎಂದುಕೊಂಡಳೇ ಹೊರತು ಕಾಯಿಲೆ ಎಂದು ಅವಳ ತಲೆಗೆ ಹೋಗಲಿಲ್ಲ. ಅಂಕಿ ಮೈನಸ್ ನಾಲ್ಕಕ್ಕೆ ಬಂದ ತಿಂಗಳಲ್ಲೇ ಅಪ್ಪ ಗ್ಯಾರೇಜಿನಲ್ಲಿ ಉಸಿರು ಕಟ್ಟಿ ಕುಸಿದ.

ಡಾಕ್ಟರು ಎಕ್ಸ್‌ರೇ ನೋಡಿ ಕೇಳಿದರು, "ಹಾಡ್ತೀರಂತೆ. ಉಸಿರು ಸಾಲದೆ ಹಾಡೋದು ಕಷ್ಟ ಆಗಿದ್ದು ಯಾವಾಗಿಂದ?"

ಅಪ್ಪ ಹಾಸಿಗೆಯಲ್ಲೇ ನೆಟ್ಟಗಾದ. "ಕಷ್ಟ ಎಲ್ಲಿ ಸಾರ್? ಹೋದ ಭಾನುವಾರವೂ ಮೇಲಿನ ಸ್ವರ ಮುಟ್ಟಿದ್ದೀನಿ. ಬೇಕಾದ್ರೆ ಮಗಳನ್ನ ಕೇಳಿ."

ಡಾಕ್ಟರು ಅವಳತ್ತ ತಿರುಗಿದರು. ಅವಳು ಹೌದು ಎಂದಳು.

ಹೊರಗೆ ಬಂದ ಮೇಲೆ ಅವರು ಮೆಲ್ಲಗೆ ಹೇಳಿದರು. "ಶ್ವಾಸಕೋಶ ಪೂರ್ತಿ ಹಾಳಾಗಿದೆಯಮ್ಮ, ಆ ಬಣ್ಣದ ಹೊಗೆ. ಎರಡು ವರ್ಷದ ಹಿಂದೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಹಾಡೋರಿಗೆ ಮೊದಲು ಸ್ವರವೇ ಎಚ್ಚರಿಕೆ ಕೊಡುತ್ತೆ. ಇವರಿಗೆ ಯಾಕೆ ಗೊತ್ತಾಗ್ಲಿಲ್ಲವೋ." ಎಚ್ಚರಿಕೆಯ ಬಾಯಿಗೆ ಬಟ್ಟೆ ತುರುಕಿದವಳು ತಾನೇ ಎಂದು ಯಾರ ಹತ್ತಿರ ಹೇಳುವುದು? ಅಮ್ಮನ ಹತ್ತಿರವಂತೂ ಆಗದು.

ಏಳು ವಾರ ಅಪ್ಪ ಮುಂಭಾಗದ ಕೋಣೆಯ ಮಂಚದಲ್ಲಿದ್ದ. ಮಗಳಿಗೆ ಅನ್ನ ಸೇರಲಿಲ್ಲ. ಅಮ್ಮ ಪೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ ಮಂಚದ ಅಂಚಿಗೆ ಕೂತು ಬಾಯಿಬಿಟ್ಟಳು. "ಅಪ್ಪಾ, ಎರಡು ವರ್ಷದಿಂದ ನಾನು ಶ್ರುತಿ ಇಳಿಸ್ತಾ ಬಂದಿದ್ದೆ. ನಿನಗೆ ಗೊತ್ತಾಗದ ಹಾಗೆ."

"ಎಷ್ಟು?"

"ನಾಲ್ಕು."

ಅಪ್ಪ ಕಣ್ಣು ಮುಚ್ಚಿದ. ಬೈಗುಳಕ್ಕೆ ಅವಳು ತಲೆಯೊಡ್ಡಿ ಕೂತಿದ್ದಳು. ಅವನೆಂದ, "ಆ ಪೋಸ್ಟ್‌ಮ್ಯಾನ್‌ಗೂ ಯಾರಾದ್ರೂ ಇಳಿಸಿಕೊಡಬೇಕಿತ್ತು. ನಾನೇ ಹೇಳಿ ಇಳಿಸಬೇಕಿತ್ತು." ಉಸಿರು ಕೂಡಿಸಿಕೊಂಡು ಮತ್ತೆ, "ನನ್ನನ್ನ ಕಳಿಸೋ ದಿನ ಸೊನ್ನೆಗೆ ಇಡು. ಮುಟ್ಟದೋರು ಮುಟ್ಟದೇ ಇರ್ಲಿ. ಯಾರನ್ನೂ ಹಿಂದೆ ಕೂರಿಸಬೇಡ" ಎಂದ.

ಡಾಕ್ಟರು ಹೊರಗೆ ಹೇಳಿದ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಪ್ಪ ಅವಳ ಕೈ ಹುಡುಕಿ ಹಿಡಿದುಕೊಂಡ. ಅವಳು ಮಾತನ್ನು ನುಂಗಿದಳು. ನಾಲ್ಕನೆಯ ದಿನ ಅಪ್ಪ ಹೋದ, ನುಂಗಿದ್ದು ಅವಳಲ್ಲೇ ಉಳಿಯಿತು.

ಚರ್ಚು ಕಿಕ್ಕಿರಿದಿತ್ತು. ಹಿಂದಿನ ಬೆಂಚುಗಳಲ್ಲಿ ಗ್ಯಾರೇಜಿನವರು. ಅವಳು ಕರ್ಚೀಫ್ ತೆಗೆದು ಮಡಚಿಟ್ಟಳು, ಅಂಕಿಯನ್ನು ಸೊನ್ನೆಗೆ ತಂದು ಅಪ್ಪನ ಹಾಡು ಹಿಡಿದಳು. ಕೊನೆಯ ಸಾಲಿನಲ್ಲಿ ದನಿಗಳು ಒಂದೊಂದಾಗಿ ಕಳಚಿಕೊಂಡವು. ಅಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಅಪ್ಪನ ಪಕ್ಕದಲ್ಲೇ ಹದಿನೈದು ವರ್ಷ ಇನ್ನೊಂದು ಸ್ಪ್ರೇ ಗನ್ ಹಿಡಿದಿದ್ದ, ಅಪ್ಪನೇ ಕೆಲಸ ಕಲಿಸಿದ್ದ ಪೇಂಟರ್ ಮಾತ್ರ ಗುರುವಿನ ಮೇಲಿನ ಪ್ರೀತಿಗೆ ಕತ್ತು ಮೇಲೆತ್ತಿ ಪ್ರಯತ್ನಿಸಿದ. ಅರ್ಧಕ್ಕೇ ದನಿ ಒಡೆಯಿತು. ಬೆಂಚಿನ ಮೇಲೆ ಬಗ್ಗಿಬಿಟ್ಟ, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡು ಜನ ಅತ್ತ ನೋಡಲಿಲ್ಲ.

ಅವಳಿಗೆ ಆ ಸದ್ದು ಗೊತ್ತಿತ್ತು, ಅಪ್ಪನದೇ ಕೆಮ್ಮು. ಕೈ ನಿಂತಿತು. ಹಾಡನ್ನು ಅಲ್ಲಿಗೇ ಬಿಟ್ಟು, ಅಪ್ಪನ ಪೆಟ್ಟಿಗೆಯನ್ನು ದಾಟಿ, ಸೀದಾ ಹಿಂದಿನ ಬೆಂಚಿಗೆ ನಡೆದಳು. ಪಾಸ್ಟರು ಏನೂ ತೋಚದೆ ಪುಸ್ತಕ ಮುಚ್ಚಿದರು.

"ಅಣ್ಣ, ಈ ಕೆಮ್ಮು ಯಾವಾಗಿಂದ?"

"ಏನಿಲ್ಲಮ್ಮ, ನಂಗೆ ಹಾಡೋಕೆ ಬರಲ್ಲ, ಅಷ್ಟೇ. ಹೋಗು, ಅಪ್ಪನ ಹಾಡು ಅರ್ಧಕ್ಕೆ ನಿಂತಿದೆ."

"ನಿಂತಿರ್ಲಿ," ಎಂದು ಅವಳು ಅವನ ಪಕ್ಕದಲ್ಲೇ ಕೂತಳು. "ಯಾವಾಗಿಂದ, ಹೇಳಿ."