ಭಾವನ ಎಂಟು ರಾಣಿಯರು

ನಮ್ಮ ಭಾವನಿಗೆ ಚೆಸ್ ಆಡೋಕೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಗೆ ಬಂದವರು ಮೇಜಿನ ಮೇಲಿನ ಚೆಸ್ ಹಲಗೆ ನೋಡಿ "ಬನ್ನಿ, ಒಂದಾಟ ಹಾಕೋಣ" ಅನ್ನುತ್ತಾರೆ. ಭಾವ "ಬರಲ್ಲ" ಅನ್ನುತ್ತಾರೆ. ಬಂದವರು ಅದನ್ನು ವಿನಯ ಅಂದುಕೊಳ್ಳುತ್ತಾರೆ. ವಿನಯವಲ್ಲ. ಯಾವ ಕಾಯಿ ಹೇಗೆ ನಡೆಯುತ್ತದೆ ಅಂತ ಅವರಿಗೆ ಗೊತ್ತು, ನಡೆದು ಎಲ್ಲಿಗೆ ಹೋಗಬೇಕು ಅನ್ನುವುದು ಅವರಿಗೆ ಬೇಕಾಗಿಲ್ಲ.

ಭಾವ ಟೈಲ್ಸ್ ಹಾಕುವ ಮೇಸ್ತ್ರಿ. ನಾನು ಅವರ ಹೆಂಡತಿಯ ತಮ್ಮ, ವೈರಿಂಗ್ ಕೆಲಸದವನು; ಎಷ್ಟೋ ಕಟ್ಟಡಗಳಲ್ಲಿ ಇಬ್ಬರೂ ಒಟ್ಟಿಗೆ ದುಡಿದಿದ್ದೇವೆ. ಕೆಲಸದವರೆಲ್ಲ ಅವರನ್ನು ಕರೆಯುವುದು ರಸಮಟ್ಟ ಅಂತ, ಮಟ್ಟ ನೋಡುವ ಸಾಧನದ ಹೆಸರು ಅದು. ಯಾರ ಮನೆಗೆ ಹೋಗಲಿ, ಕೂರುವುದಕ್ಕೆ ಮುಂಚೆ ನೆಲ ಸಮ ಇದೆಯಾ ಅಂತ ನೋಡುತ್ತಾರೆ. ಮದುವೆ ಮಾತಿಗೆ ಮೊದಲ ಸಲ ನಮ್ಮಲ್ಲಿಗೆ ಬಂದಾಗಲೂ ನೆಲವನ್ನೇ ನೋಡುತ್ತಿದ್ದರು. ಅಕ್ಕ ಅದನ್ನು ನಾಚಿಕೆ ಅಂದುಕೊಂಡು ಒಪ್ಪಿಕೊಂಡಳು.

ರಾಣಿಯರ ಹುಚ್ಚು ಹಿಡಿದದ್ದು ಒಂದು ಹಳೇ ಪೇಪರಿನಿಂದ. ಸಿಮೆಂಟ್ ಸಿಡಿಯದಿರಲಿ ಅಂತ ಹಾಸಿದ ಪೇಪರಿನಲ್ಲಿ ಒಂದು ಲೆಕ್ಕವಿತ್ತು: ಅರವತ್ತನಾಲ್ಕು ಮನೆಯ ಹಲಗೆಯ ಮೇಲೆ ಎಂಟು ರಾಣಿಯರನ್ನು, ಒಬ್ಬಳು ಇನ್ನೊಬ್ಬಳನ್ನು ಹೊಡೆಯದಂತೆ ಕೂರಿಸಿ. ರಾಣಿ ಉದ್ದಕ್ಕೂ ಹೊಡೆಯುತ್ತಾಳೆ, ಅಡ್ಡಕ್ಕೂ ಹೊಡೆಯುತ್ತಾಳೆ, ಮೂಲೆಗೂ ಹೊಡೆಯುತ್ತಾಳೆ, ಎಷ್ಟು ದೂರ ಬೇಕಾದರೂ. ಉತ್ತರ ಮುಂದಿನ ವಾರ ಅಂತ ಬರೆದಿತ್ತು. ಮುಂದಿನ ವಾರದ ಪೇಪರು ಯಾರ ಮನೆಯ ನೆಲದ ಮೇಲಿತ್ತೋ ಏನೋ. ಭಾವ ಹನ್ನೊಂದು ದಿನ ತಗೊಂಡು ತಾವೇ ಬಿಡಿಸಿದರು.

ಆಮೇಲೆ ಒಂದು ಹಲಗೆ ತಂದರು. ಅದರ ಜೊತೆ ಬಂದದ್ದು ಎರಡೇ ರಾಣಿಯರು. ಉಳಿದ ಆರಕ್ಕೆ ಅಕ್ಕನ ಹೊಲಿಗೆ ಮೆಷಿನ್ನಿನ ಬಾಬಿನ್‌ಗಳು ಹೋದವು.

"ರವಿಕೆ ಇವತ್ತು ಕೊಡಬೇಕು ರೀ, ಕೆಂಪು ದಾರದ ರಾಣಿನ ಕಳಿಸಿ," ಅನ್ನುತ್ತಿದ್ದಳು ಅಕ್ಕ.

"ಅವಳನ್ನ ತೆಗೆದ್ರೆ ಎಲ್ಲಾ ಕೆಡುತ್ತೆ."

"ಕೆಡಲಿ. ದಾರ ಮುಗಿದ ಮೇಲೆ ವಾಪಸ್ ಬರ್ತಾಳೆ."

ಹೀಗೆ ನಾಲ್ಕು ವರ್ಷದಲ್ಲಿ ಭಾವ ತೊಂಬತ್ತೊಂದು ಬಗೆಯಲ್ಲಿ ರಾಣಿಯರನ್ನು ಕೂರಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಒಟ್ಟು ತೊಂಬತ್ತೆರಡು ಇವೆ ಅಂತ ಯಾರೋ ಹೇಳಿದರು. ಆ ಇನ್ನೊಂದಕ್ಕೆ ಎಂಟು ತಿಂಗಳು ಹುಡುಕಿದರು. ಸಿಕ್ಕ ದಿನ ನನಗೆ ಫೋನ್ ಮಾಡಿ, "ಸಿಕ್ತು" ಅಂದು ಇಟ್ಟುಬಿಟ್ಟರು. ನನ್ನ ಕಳೆದುಹೋದ ಟೆಸ್ಟರ್ ಸಿಕ್ಕಿತೇನೋ ಅಂದುಕೊಂಡೆ.

ಅದಾದ ವರ್ಷ ಹಲ್ಲಿನ ಡಾಕ್ಟರಮ್ಮ ಒಬ್ಬರ ಕ್ಲಿನಿಕ್ಕಿನ ಕೆಲಸ ಬಂತು. ರೋಗಿಗಳು ಕಾಯುವ ಕೋಣೆ ಉದ್ದ ಎಂಟಡಿ, ಅಗಲ ಎಂಟಡಿ, ಟೈಲು ಒಂದಡಿಯದು. ಡಾಕ್ಟರಮ್ಮನ ಮನೆಯಲ್ಲಿ ನೀಲಿ ಟೈಲು ಉಳಿದಿದ್ದವು. ಸರಿಯಾಗಿ ಎಂಟು.

"ಬಿಳಿ ನಡುವೆ ಇವನ್ನ ಅಲ್ಲೊಂದು ಇಲ್ಲೊಂದು ಹಾಕಿಬಿಡಿ ಮೇಸ್ತ್ರಿ," ಅಂದರು ಡಾಕ್ಟರಮ್ಮ.

ಭಾವ ನೀಲಿ ಟೈಲುಗಳನ್ನು ಎರಡು ಸಲ ಎಣಿಸಿದರು. ಆಮೇಲೆ ಕೈ ತೊಳೆದುಕೊಂಡು ಬಂದರು. ಅವರು ಕೆಲಸಕ್ಕೆ *ಮುಂಚೆ* ಕೈ ತೊಳೆದದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಒಳಗಿನ ಗೋಡೆಯಿಂದ ಶುರುಮಾಡಿ ಬಾಗಿಲ ಕಡೆಗೆ ಸಾಲು ಸಾಲಾಗಿ ಹಾಕುತ್ತಾ ಬಂದರು. ಚೀಟಿ ಇಲ್ಲ, ಎಲ್ಲಾ ತಲೆಯಲ್ಲೇ. ಕೊನೆಯ ಎರಡು ಸಾಲು ಉಳಿದಿದ್ದಾಗ ನಾನು ಹೋಗಿ ಫ್ಯಾನಿನ ಸ್ವಿಚ್ಚು ಎಡಕ್ಕೋ ಬಲಕ್ಕೋ ಅಂತ ಕೇಳಿದೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಕ್ಲಿನಿಕ್ ತೆರೆದು ಒಂದು ವಾರವಾಗಿತ್ತು. ಭಾನುವಾರ ಮಧ್ಯಾಹ್ನ ಭಾವ ಆ ನೆಲವನ್ನು ನೆನಪಿನಿಂದ ನೋಟ್‌ಬುಕ್ಕಿಗೆ ಇಳಿಸಿದರು. ಇಳಿಸಿದವರು ಪೆನ್ಸಿಲ್ ಕೆಳಗಿಟ್ಟರು. ಕೊನೆಯ ಎರಡು ಸಾಲಿನ ನೀಲಿಗಳು ಅದಲುಬದಲಾಗಿದ್ದವು. ಮೇಲಿನ ಸಾಲುಗಳಲ್ಲಿ ಕೂತಿದ್ದ ಇಬ್ಬರು ರಾಣಿಯರನ್ನು ಈ ಇಬ್ಬರು ಮೂಲೆಗೆ ಮೂಲೆ ಗುರಿಯಿಟ್ಟು ನೋಡುತ್ತಿದ್ದರು.

"ಯಾರಿಗೆ ಗೊತ್ತಾಗುತ್ತೆ?" ಅಂದಳು ಅಕ್ಕ.

"ಗೊತ್ತಾಗಿದೆಯಲ್ಲ," ಅಂದರು ಭಾವ. ಎರಡು ತುತ್ತು ಉಂಡು ಎದ್ದರು.

ಸೋಮವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೋದರು. ಡಾಕ್ಟರಮ್ಮ ಇಬ್ಬರನ್ನೂ ನೋಡಿ, "ಯಾರಿಗೆ ನೋವು?" ಅಂದರು.

"ನಾಲ್ಕು ಟೈಲು ಕಿತ್ತು ಮತ್ತೆ ಹಾಕಬೇಕು. ಖರ್ಚು ನಂದೇ," ಅಂದರು ಭಾವ.

"ಅಲ್ಲಾಡ್ತಿದೆಯಾ?"

"ಇಲ್ಲ."

"ನೀರು ಇಳೀತಿದೆಯಾ?"

"ಇಲ್ಲ. ರಾಣಿಯರು ಹೊಡೆದಾಡ್ತಿದಾರೆ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಫ್ಯಾನಿನ ಸ್ವಿಚ್ಚು ನೋಡಿದೆ. ಭಾವ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಬೆರಳಲ್ಲಿ ಗೆರೆ ಎಳೆದು ಎಲ್ಲವನ್ನೂ ವಿವರಿಸಿದರು. ಕೆನ್ನೆ ಊದಿದ್ದ ಒಬ್ಬ ರೋಗಿ ಕುರ್ಚಿಯಿಂದ ಕಾಲು ಮೇಲೆತ್ತಿ ಜಾಗ ಬಿಟ್ಟುಕೊಟ್ಟ. ಡಾಕ್ಟರಮ್ಮ ಪೂರ್ತಿ ಕೇಳಿ, ಗಡಿಯಾರ ನೋಡಿ, "ಒಂದರಿಂದ ನಾಲ್ಕರವರೆಗೆ ಕ್ಲಿನಿಕ್ ಮುಚ್ಚಿರುತ್ತೆ. ಸದ್ದು ಜಾಸ್ತಿ ಮಾಡಬೇಡಿ," ಅಂದರು.

ನಾಲ್ಕರಲ್ಲಿ ಮೂರು ಟೈಲು ಚೆನ್ನಾಗಿಯೇ ಎದ್ದವು. ನಾಲ್ಕನೆಯದು, ನೀಲಿ, ಉಳಿ ತಾಗಿ ಎರಡು ಹೋಳಾಯಿತು. ಒಂಬತ್ತನೆಯ ನೀಲಿ ಎಲ್ಲೂ ಇಲ್ಲ. ನಾವಿಬ್ಬರೂ ಊರಿನ ಏಳು ಅಂಗಡಿ ಸುತ್ತಿದೆವು. ಕೊನೆಗೆ ಭಾವನ ಗೋಣಿಚೀಲದಲ್ಲಿ ಯಾವುದೋ ಬಚ್ಚಲಮನೆಯ ಒಂದು ಹಸಿರು ಟೈಲು ಸಿಕ್ಕಿತು. ಅದನ್ನೇ ಹಾಕಿದರು.

ನಾಲ್ಕು ಗಂಟೆಗೆ ಬಂದ ಡಾಕ್ಟರಮ್ಮ ಕೇಳಿದರು, "ಇದ್ಯಾಕೆ ಹಸಿರು?"

"ಅವಳೂ ರಾಣಿನೇ."

ಈಗ ನೆಲ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿತ್ತು. ಇದು ನನ್ನ ಅಭಿಪ್ರಾಯ, ಅಕ್ಕನ ಅಭಿಪ್ರಾಯವೂ ಹೌದು. ಭಾವ ಮಾತ್ರ ಅವತ್ತು ಎರಡು ಸಲ ಬಡಿಸಿಕೊಂಡು ಉಂಡರು.

ತಿಂಗಳು ಕಳೆದ ಮೇಲೆ ಡಾಕ್ಟರಮ್ಮ ಭಾವನಿಗೆ ಫೋನ್ ಮಾಡಿದರು. ರೋಗಿಗಳಿಲ್ಲದ ಹೊತ್ತಲ್ಲಿ ಆ ನೆಲದ ಮೇಲೆ ಹತ್ತಿಯ ಉಂಡೆ ಇಟ್ಟುಕೊಂಡು ನೋಡುತ್ತಿದ್ದರಂತೆ. "ಕುದುರೆಗಳನ್ನ ಹೀಗೇ ಜಗಳ ಇಲ್ಲದೆ ಎಷ್ಟು ಕೂರಿಸಬಹುದು ಮೇಸ್ತ್ರಿ?"

"ಮೂವತ್ತೆರಡು."

"ಅಷ್ಟೊಂದಾ!"

"ಚೆಸ್ ಹಲಗೆಯಲ್ಲಾದ್ರೆ ಬಿಳಿ ಮನೆಯೆಲ್ಲಾ ಖಾಲಿ ಬಿಡಿ."

ಮರುವರ್ಷ ಭಾವನ ಬಲಗಡೆಯ ದವಡೆಹಲ್ಲು ಕೆಟ್ಟು ಅಲ್ಲಿಗೇ ಹೋದೆವು. ಡಾಕ್ಟರಮ್ಮ ಸೂಜಿ ಚುಚ್ಚಿ, ಬಾಯಿ ಅಗಲಿಸಿ, ಇಕ್ಕಳ ಕೈಗೆತ್ತಿಕೊಂಡವರು ತಡೆದು ಕೇಳಿದರು: "ಅಂದಹಾಗೆ, ಒಂಟೆಗಳಾದ್ರೆ ಎಷ್ಟು? ನನಗೆ ಹನ್ನೆರಡರ ಮೇಲೆ ಕೂರ್ತಾನೇ ಇಲ್ಲ."

ಭಾವನಿಗೆ ಮಾತಾಡುವ ಸ್ಥಿತಿಯಿರಲಿಲ್ಲ. ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದರು. ಆಮೇಲೆ ಒಂದು ಕೈ ಇಳಿಸಿ, ಇನ್ನೊಂದರಲ್ಲಿ ನಾಲ್ಕು.

"ಸಾಧ್ಯವೇ ಇಲ್ಲ," ಅಂದರು ಡಾಕ್ಟರಮ್ಮ, ಹಲ್ಲು ಕಿತ್ತರು.